ಎತ್ತರವನ್ನು ಅಳೆಯುವ ಬಗೆ

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಅದು ಹಿರಿಯರ ಮಾತು. ಸುಳ್ಳೆಂದು ಹೇಳಲು ನಾನು ಹೊರಟಿಲ್ಲ. ಆದರೆ ಮೊಳಕೆಯಲ್ಲಿ ಸಿರಿಯಿದೆಯೆಂದು ಹೇಳಿದ ಹಿರಿಯರು ಅದನ್ನು ಗುರುತಿಸುವ ಬಗೆ ಹೇಗೆಂಬುದನ್ನು ಮಾತ್ರ ನಮ್ಮ ಪಾಲಿಗೇ ಬಿಟ್ಟುಹೋದರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಗಣಿತದ ಪಾಠ ಹೇಳಿ, ಉತ್ತರಪತ್ರಿಕೆಗಳನ್ನು ತಿದ್ದಿ, ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನವರಿಗೆ ಬೆಲೆ ಕಟ್ಟುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದ ನನ್ನನ್ನು ಈ ಪ್ರಶ್ನೆಯು ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಅದು ಮತ್ತೆ ನನ್ನೆದುರಿಗೆ ಬಂದು ನಿಂತದ್ದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ನಿಂತದ್ದಾದರೂ ಏಳಡಿ ನಾಲ್ಕಂಗುಲ ಎತ್ತರದ ಒಬ್ಬ ತರುಣನ ರೂಪದಲ್ಲಿ.

2023ರ ನವೆಂಬರಿನಿಂದ ಮುಂದಿನ ಏಪ್ರಿಲಿನವರೆಗೆ ನಾನೂ ನನ್ನ ಮನೆಯವರೂ ವೆಸ್ಟ್ ಲಫಾಯೆಟ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆವು. ವಾಬಾಷ್ ನದಿಯ ದಂಡೆಯ ಈ ಸಣ್ಣ ಊರಿಗೆ ಪರ್ಡ್ಯೂ ವಿಶ್ವವಿದ್ಯಾನಿಲಯವೇ ಜೀವಾಳ. ಚಳಿಗಾಲದಲ್ಲಿ ಅಲ್ಲಿ ಬೇಗನೆ ಕತ್ತಲಾಗುತ್ತದೆ, ಹೊರಗೆ ಹಿಮ, ವಯಸ್ಸಾದವರು ಸಂಜೆ ತಿರುಗಾಡತಕ್ಕ ಸ್ಥಳವೇ ಇಲ್ಲ. ಆದರೆ ಆ ಸೀಮೆಯ ಜನರು ಚಳಿಗಾಲವನ್ನು ದಾಟುವುದಕ್ಕೆ ಒಂದು ದೋಣಿಯನ್ನು ಕಟ್ಟಿಕೊಂಡಿದ್ದಾರೆ. ಅದೇ ಬ್ಯಾಸ್ಕೆಟ್‌ಬಾಲ್. ಮ್ಯಾಕಿ ಅರೀನಾ ಎಂಬ ಅಲ್ಲಿಯ ಕ್ರೀಡಾಮಂದಿರದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರು ಕೂರಬಹುದು. ಪಂದ್ಯದ ರಾತ್ರಿ ಒಂದು ಆಸನವೂ ಖಾಲಿಯಿರುವುದಿಲ್ಲ. ನಮ್ಮ ಅಳಿಯಂದಿರು ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಅವರು ನನ್ನನ್ನು ಕರೆದುಕೊಂಡು ಹೋಗಿ ಕೂರಿಸಿ, “ಮಾವ, ಇವತ್ತು ನೀವು ಚೆಂಡನ್ನು ನೋಡಬೇಡಿ, ಆ ಹುಡುಗನನ್ನು ನೋಡಿ” ಎಂದು ತೋರಿಸಿದರು. ತೋರಿಸುವ ಅಗತ್ಯವೇನೂ ಇರಲಿಲ್ಲ. ತೆಂಗಿನ ತೋಟದ ನಡುವೆ ಒಂದು ಅಡಕೆಯ ಮರವು ಎಲ್ಲವನ್ನೂ ಮೀರಿ ನಿಂತಂತೆ ಅವನು ನಿಂತಿದ್ದನು. ಅವನ ಹೆಸರು ಜಾಕ್ ಈಡಿ.

ಓದುಗರಲ್ಲಿ ಈ ಆಟವನ್ನು ಹತ್ತಿರದಿಂದ ಕಾಣದವರು ಇದ್ದರೆ ಅವರಿಗಾಗಿ ಒಂದು ಮಾತು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಚಳಿಗಾಲಕ್ಕೆಂದು ಈ ಆಟವನ್ನು ರಚಿಸಿದಾಗ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲ್ಮೊಗಸಾಲೆಯ ಕಟಕಟೆಗೆ ಹೊಡೆಸಿದನು. ಆ ಕಟಕಟೆಯು ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು. ಹತ್ತಡಿ ಮಾತ್ರ ಹಾಗೆಯೇ ಉಳಿಯಿತು. ಈಡಿಯು ನೆಲದ ಮೇಲೆ ನಿಂತು ಕೈಯೆತ್ತಿದರೆ ಒಂಬತ್ತೂವರೆ ಅಡಿಯ ಮೇಲಕ್ಕೆ ಮುಟ್ಟುತ್ತದೆ. ತೂಕ ಸುಮಾರು 300 ಪೌಂಡು. ಇಷ್ಟನ್ನು ಕೇಳಿದವರಿಗೆ, ಇನ್ನು ಇವನನ್ನು ಕುರಿತು ವಿಚಾರಮಾಡತಕ್ಕದ್ದೇನಿದೆ, ಕೈಚಾಚಿ ಚೆಂಡನ್ನು ಬಳೆಯೊಳಕ್ಕೆ ಇಟ್ಟುಬಿಡಬಹುದಲ್ಲ ಎಂದು ತೋರುವುದು ಸಹಜ. ಹದಿನಾಲ್ಕು ಸಾವಿರ ಪ್ರೇಕ್ಷಕರಲ್ಲಿ ಎದುರು ಪಕ್ಷದವರೆಲ್ಲರೂ, ನಮ್ಮ ಪಕ್ಷದವರಲ್ಲಿಯೂ ಕೆಲವರು, ಇದನ್ನೇ ಹೇಳುತ್ತಿದ್ದರು.

ನಮ್ಮಲ್ಲಿಯೂ ಎತ್ತರದವರ ವಿಷಯದಲ್ಲಿ ಲೋಕಕ್ಕೆ ದಾಕ್ಷಿಣ್ಯ ಕಡಿಮೆ. ಉದ್ದವಾಗಿ ಬೆಳೆದವರ ಬುದ್ಧಿ ಮೊಣಕಾಲಿನಲ್ಲಿರುವುದೆಂಬ ಪರಿಹಾಸವು ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ನನ್ನ ತರಗತಿಯಲ್ಲಿ ಒಮ್ಮೆ ಆರೂಕಾಲಡಿಯ ಒಬ್ಬ ಹುಡುಗನಿದ್ದನು. ಕಾಲೇಜಿಗೆ ಬಂದ ಅತಿಥಿಗಳೆಲ್ಲ ಅವನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ವಾಲಿಬಾಲ್ ಆಡುತ್ತೀಯೇನಪ್ಪ?” ಅವನು ಸಂಸ್ಕೃತದಲ್ಲಿ ಬಹಳ ಚೆನ್ನಾಗಿ ಓದುತ್ತಿದ್ದನು, ಅದನ್ನು ಯಾರೂ ಕೇಳಲಿಲ್ಲ. ಟೊರಾಂಟೋ ನಗರದಲ್ಲಿ 2002ರಲ್ಲಿ ಹುಟ್ಟಿದ ಈಡಿಗೂ ಬಾಲ್ಯದಲ್ಲಿ ಇದೇ ಪಾಡು. ಎತ್ತರದವರೆಲ್ಲ ಬ್ಯಾಸ್ಕೆಟ್‌ಬಾಲ್ ಆಡಬೇಕೆಂಬ ಮಾತು ಅವನಿಗೆ ರುಚಿಸಲಿಲ್ಲವಂತೆ. ಹಿಮದ ಮೇಲಿನ ಹಾಕಿ ಆಡಿದನು, ಬೇಸ್‌ಬಾಲ್ ಆಡಿದನು. ಬ್ಯಾಸ್ಕೆಟ್‌ಬಾಲಿಗೆ ಮನಸ್ಸು ಕೊಟ್ಟದ್ದು ಹದಿನೈದು ವರ್ಷ ಕಳೆದ ಮೇಲೆ. ಅಮೆರಿಕದಲ್ಲಿ ಕಾಲೇಜು ಸೇರಲಿರುವ ಆಟಗಾರರಿಗೆ ಕ್ರಮಾಂಕ ಕೊಡುವ ಪದ್ಧತಿಯುಂಟು; ಆ ಪಟ್ಟಿಯಲ್ಲಿ ಇವನು ನಾನೂರರಿಂದಲೂ ಹಿಂದೆ ಇದ್ದನು. ಪರ್ಡ್ಯೂವಿನ ತರಬೇತುದಾರ ಮ್ಯಾಟ್ ಪೇಂಟರ್ ಇವನನ್ನು ಸೇರಿಸಿಕೊಂಡದ್ದು 2020ರಲ್ಲಿ.

ನಾನು ಇವನನ್ನು ನೋಡಿದ ಕಾಲಕ್ಕೆ ಇವನು ಕಾಲೇಜು ಆಟದ ಶಿಖರವನ್ನು ಮುಟ್ಟಿದ್ದನು. 2023ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ನೈಸ್ಮಿತ್ ಪ್ರಶಸ್ತಿ ಇವನಿಗೆ ಬಂದಿತ್ತು. 2024ರಲ್ಲಿ ಮತ್ತೆ ಬಂದಿತು. ಒಂದಕ್ಕಿಂತ ಹೆಚ್ಚು ಬಾರಿ ಅದನ್ನು ಪಡೆದವರು 1983ರ ರಾಲ್ಫ್ ಸ್ಯಾಂಪ್ಸನ್ನನ ತರುವಾಯ ಯಾರೂ ಇರಲಿಲ್ಲ. ಹೀಗಿದ್ದರೂ ವೃತ್ತಿಯ ಆಟದ ಬೇಹುಗಾರರಲ್ಲಿ, ಎಂದರೆ ಕಾಲೇಜು ಕಾಲೇಜು ತಿರುಗಿ ಎನ್.ಬಿ.ಎ. ತಂಡಗಳಿಗಾಗಿ ತರುಣರನ್ನು ಪರೀಕ್ಷಿಸುವವರಲ್ಲಿ, ಇವನ ವಿಷಯದಲ್ಲಿ ಒಮ್ಮತವಿರಲಿಲ್ಲ. 2023ರಲ್ಲಿ ಇವನು ಡ್ರಾಫ್ಟಿಗೆ, ಅಂದರೆ ವೃತ್ತಿತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಸಭೆಗೆ, ಹೆಸರು ಕೊಟ್ಟು, ಮತ್ತೆ ಹಿಂತೆಗೆದುಕೊಂಡು ಕಾಲೇಜಿಗೇ ಮರಳಿದ್ದನು.

ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ನಮಗೆ ಇದೇ ಚರ್ಚೆ. ಅಳಿಯಂದಿರಿಗೆ ತಮ್ಮ ವಿದ್ಯಾಲಯದ ಅಭಿಮಾನವೆಷ್ಟೋ ಅಷ್ಟೇ ಅದರ ವಿಷಯದ ಅಧೈರ್ಯವೂ ಉಂಟು. “ಮಾವ, ಇವನ ಎತ್ತರದಲ್ಲಿ ಒಂದಡಿ ಕಳೆದು ನೋಡಿ, ಇವನು ಆಟಗಾರನೇ ಅಲ್ಲ” ಎಂದರು ಒಂದು ದಿನ.

“ಒಂದಡಿ ಕಳೆದರೆ ಇವನು ಇವನೇ ಅಲ್ಲವಲ್ಲ. ಗಾಯಕರ ಶಾರೀರವನ್ನು ಕಳೆದು ಸಂಗೀತಕ್ಕೆ ಬೆಲೆ ಕಟ್ಟುವುದುಂಟೆ? ಶಾರೀರ ದೈವದತ್ತ, ಅದನ್ನು ಇಟ್ಟುಕೊಂಡು ಏನು ಸಾಧಿಸಿದರೆಂಬುದಲ್ಲವೆ ನೀವು ಕೇಳಬೇಕಾದದ್ದು?” ಎಂದೆನು.

“ಶಾರೀರವೊಂದೇ ಇದ್ದು ಕಛೇರಿಗೆ ಬಂದವರನ್ನೂ ನಾವು ಕೇಳಿದ್ದೇವಲ್ಲ, ಮಾವ” ಎಂದರು. ಮಾತು ನ್ಯಾಯವಾಗಿಯೇ ಇತ್ತು.

ಅವರ ಪಕ್ಷದ ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಇಲ್ಲಿ ಹೇಳತಕ್ಕದ್ದು. ಮೊದಲನೆಯದು, ಕಾಲೇಜಿನಲ್ಲಿ ಇವನೆದುರಿಗೆ ನಿಲ್ಲುವ ಹುಡುಗರು ಬಹುಮಟ್ಟಿಗೆ ಇವನಿಗಿಂತ ಅರ್ಧ ಅಡಿ ಕುಳ್ಳರು. ಆದಕಾರಣ ಇವನ ಅಂಕಗಳು ಇವನ ವಿಷಯಕ್ಕಿಂತ ಎದುರಾಳಿಗಳ ವಿಷಯವನ್ನೇ ಹೆಚ್ಚಾಗಿ ಹೇಳುತ್ತವೆ. ಎರಡನೆಯದು, ಆಟವೇ ಬದಲಾಗಿದೆ. ಎನ್.ಬಿ.ಎ.ಯಲ್ಲಿ 1979ರಲ್ಲಿ ಮೂರಂಕದ ಗೆರೆ ಬಂದಿತು. ಕಾಲೇಜಿಗಿಂತ ಅಲ್ಲಿ ಅದು ಇನ್ನೂ ದೂರ, ಎದುರಿನಲ್ಲಿ 23 ಅಡಿ 9 ಅಂಗುಲ. ಆ ಗೆರೆಯಾಚೆಯಿಂದ ಎಸೆಯಬಲ್ಲವರು ಐವರಲ್ಲಿ ನಾಲ್ವರಿರುವಾಗ, ಬಳೆಯ ಕೆಳಗಿನ ಎತ್ತರದ ಮನುಷ್ಯನು ತನ್ನ ಕೋಟೆಯನ್ನು ಬಿಟ್ಟು ಬಯಲಿಗೆ ಬರಲೇಬೇಕಾಗುತ್ತದೆ. ಇದಲ್ಲದೆ 2001ರಿಂದ ಅಲ್ಲಿ ಇನ್ನೊಂದು ನಿಯಮ: ರಕ್ಷಕನು ಯಾರನ್ನೂ ಕಾಯದೆ ಬಳೆಯ ಮುಂದಿನ ಅಂಕಣದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಸುಮ್ಮನೆ ನಿಲ್ಲಕೂಡದು. ಕಾಲೇಜಿನಲ್ಲಿ ಈ ನಿಯಮವಿಲ್ಲ. ಮೂರನೆಯದು ಇವುಗಳ ಫಲ. ಚುರುಕಾದ ಗಾರ್ಡು ಒಬ್ಬನು ತನ್ನ ಜೊತೆಯವನ ದೇಹವನ್ನು ತೆರೆಯಂತೆ ಬಳಸಿಕೊಂಡು, ತನ್ನನ್ನು ಕಾಯುವವನಿಂದ ತಪ್ಪಿಸಿಕೊಂಡು, ಭಾರವಾದ ಸೆಂಟರನ ಮುಂದೆ ಒಬ್ಬನೇ ಬಂದು ನಿಲ್ಲುತ್ತಾನೆ. ಪಿಕ್ ಅಂಡ್ ರೋಲ್ ಎನ್ನುವ ಈ ತಂತ್ರಕ್ಕೆ ಸಿಕ್ಕಿದ ಎತ್ತರದವನು ಮುಂದೆ ನುಗ್ಗಿದರೆ ಗಾರ್ಡು ಪಕ್ಕದಿಂದ ಜಾರುತ್ತಾನೆ. ಹಿಂದೆ ನಿಂತರೆ ಅಲ್ಲಿಂದಲೇ ಎಸೆಯುತ್ತಾನೆ. ಕಾಲು ನಿಧಾನವಾದವನಿಗೆ ಎರಡೂ ಕಡೆ ನಷ್ಟ. ಕಾಲೇಜಿನ ಪಂದ್ಯ ನಲವತ್ತು ನಿಮಿಷ, ವರ್ಷಕ್ಕೆ ನಲವತ್ತರೊಳಗೆ ಪಂದ್ಯಗಳು, ಎನ್.ಬಿ.ಎ.ಯದು ನಲವತ್ತೆಂಟು ನಿಮಿಷ, ಎಂಬತ್ತೆರಡು ಪಂದ್ಯಗಳು. ಮುನ್ನೂರು ಪೌಂಡನ್ನು ಅಷ್ಟು ರಾತ್ರಿಗಳು ಹೊತ್ತು ಓಡುವುದು ಸಾಮಾನ್ಯವೆ?

ಇವುಗಳಲ್ಲಿ ಒಂದೂ ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಆದರೆ ಈ ಆಟದ ಚರಿತ್ರೆಯನ್ನು ಸ್ವಲ್ಪ ಓದಿದ ಮೇಲೆ ನನಗೆ ಒಂದು ವಿಚಿತ್ರ ಕಂಡಿತು. ಎತ್ತರದವರ ಮೇಲಿನ ಸಂಶಯವು ಇಂದಿನದಲ್ಲ. ನಿಯಮಗಳ ಪುಸ್ತಕವೇ ಅದಕ್ಕೆ ಸಾಕ್ಷಿ. 1940ರ ದಶಕದಲ್ಲಿ ಚಿಕಾಗೋವಿನ ಡಿಪಾಲ್ ವಿಶ್ವವಿದ್ಯಾನಿಲಯಕ್ಕೆ ಜಾರ್ಜ್ ಮೈಕನ್ ಎಂಬ ಆರಡಿ ಹತ್ತಂಗುಲದ ಹುಡುಗನು ಬಂದನು. ದಪ್ಪ ಕನ್ನಡಕ, ತೊಡರುವ ಕಾಲು. ಅವನ ಗುರು ರೇ ಮೇಯರ್ ಅವನಿಗೆ ಹಗ್ಗದಾಟ ಆಡಿಸಿದನು, ಮುಷ್ಟಿಯುದ್ಧ ಕಲಿಸಿದನು, ಕಾಲಿಗೆ ಲಯ ಬರಲೆಂದು ನೃತ್ಯಪಾಠಕ್ಕೂ ಕಳುಹಿಸಿದನು. ಬಳೆಯ ಕೆಳಗೆ ಎಡಗೈಯಲ್ಲೊಮ್ಮೆ ಬಲಗೈಯಲ್ಲೊಮ್ಮೆ ಚೆಂಡನ್ನು ಹಾಕುವ ಅವನ ಅಭ್ಯಾಸಕ್ರಮವನ್ನು ಇಂದಿಗೂ ಮಕ್ಕಳಿಗೆ ಅವನ ಹೆಸರಿನಿಂದಲೇ ಹೇಳಿಕೊಡುತ್ತಾರೆ. ಅವನಂಥವರಿಗಾಗಿಯೇ, ಕೆಳಗಿಳಿಯುತ್ತಿರುವ ಚೆಂಡನ್ನು ಬಳೆಯ ಬಾಯಿಯಲ್ಲಿ ತಡೆಯಕೂಡದೆಂದು ಕಾಲೇಜು ಆಟದಲ್ಲಿ 1944ರಲ್ಲಿ ವಿಧಿಸಿದರು, ಅವನಿಗಾಗಿಯೇ ಎನ್.ಬಿ.ಎ. 1951ರಲ್ಲಿ ಬಳೆಯ ಮುಂದಿನ ಅಂಕಣವನ್ನು ಆರಡಿಯಿಂದ ಹನ್ನೆರಡಡಿಗೆ ಅಗಲಿಸಿತು. 1967ರಲ್ಲಿ, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರನ ಕಾಲದಲ್ಲಿ, ಚೆಂಡನ್ನು ಮೇಲಿನಿಂದ ಬಳೆಯೊಳಕ್ಕೆ ತುರುಕುವುದನ್ನೇ ಕಾಲೇಜುಗಳಲ್ಲಿ ನಿಷೇಧಿಸಿದರು. ಆ ನಿಷೇಧವು ಒಂಬತ್ತು ವರ್ಷ ನಡೆಯಿತು. ಪ್ರತಿಯೊಂದು ನಿಯಮವೂ “ಎತ್ತರವನ್ನು ಬಿಟ್ಟು ನಿನ್ನಲ್ಲಿ ಇನ್ನೇನಿದೆ?” ಎಂದು ಕೇಳಿದಂತಿತ್ತು. ಮೈಕನ್ನನೂ ಆಲ್ಸಿಂಡರನೂ ಅದಕ್ಕೆ ಉತ್ತರ ಕೊಟ್ಟರು. ಕೊಡಲಾರದವರ ಹೆಸರು ನಮಗೆ ತಿಳಿಯದು.

ಎಣಿಕೆಯನ್ನು ನಂಬುವವರಿಗೆ ಇನ್ನೊಂದು ಕಥೆ ಬಿಲ್ ರಸೆಲ್ಲನದು. ಅವನಿದ್ದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯವು 1955 ಮತ್ತು 1956ರಲ್ಲಿ ರಾಷ್ಟ್ರದ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು. ಆದರೂ 1956ರ ಡ್ರಾಫ್ಟಿನಲ್ಲಿ ರಾಚೆಸ್ಟರ್ ತಂಡದವರು ಮೊದಲು ಆರಿಸಿದ್ದು ಇನ್ನೊಬ್ಬನನ್ನು. ರಸೆಲ್ಲನ ಹಿರಿಮೆಯಿದ್ದುದು ಎದುರಾಳಿಯ ಎಸೆತವನ್ನು ತಡೆಯುವುದರಲ್ಲಿ. ಹಾಗೆ ತಡೆದದ್ದನ್ನು ಎನ್.ಬಿ.ಎ. ಲೆಕ್ಕ ಇಡಲು ಆರಂಭಿಸಿದ್ದು 1973ರಲ್ಲಿ, ಅವನು ನಿವೃತ್ತನಾದ ನಾಲ್ಕು ವರ್ಷಗಳ ಮೇಲೆ. ಅಷ್ಟರೊಳಗೆ ಅವನು ಬಾಸ್ಟನ್ ತಂಡದಲ್ಲಿ ಹದಿಮೂರು ವರ್ಷ ಆಡಿ ಹನ್ನೊಂದು ಪ್ರಶಸ್ತಿಗಳನ್ನು ಗೆದ್ದಿದ್ದನು. ಅವನ ಮುಖ್ಯ ಗುಣಕ್ಕೆ ಲೆಕ್ಕದ ಪುಸ್ತಕದಲ್ಲಿ ಕಾಲಮೇ ಇರಲಿಲ್ಲ! ಪರೀಕ್ಷಕನಾಗಿದ್ದ ನನಗೆ ಈ ಸಂಗತಿಯನ್ನು ಓದಿದಾಗ ನಗುವೂ ಬಂದಿತು, ಸ್ವಲ್ಪ ಭಯವೂ ಆಯಿತು.

ಹೀಗಿರುವಲ್ಲಿ ಎತ್ತರದ ಹುಡುಗನೊಬ್ಬನನ್ನು ಹೇಗೆ ಅಳೆಯಬೇಕು? ನಮ್ಮ ಕಡೆಯ ದನಗಳ ಜಾತ್ರೆಯಲ್ಲಿ ಅನುಭವಶಾಲಿಯಾದ ರೈತನು ಹೋರಿಯ ಕೊಂಬು, ಬಣ್ಣಗಳನ್ನು ನೋಡಿದ ಮೇಲೆ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ. ಇಷ್ಟಾದರೂ ಹತ್ತು ಹೆಜ್ಜೆ ನಡೆಸಿ ನೋಡದೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದಿಲ್ಲ. ಮನುಷ್ಯನಿಗೆ ಹೋರಿಯ ಹೋಲಿಕೆ ಅಸಭ್ಯವೆಂದರೆ ನಾನು ಒಪ್ಪುತ್ತೇನೆ. ಆದರೆ ಡ್ರಾಫ್ಟಿಗೆ ಮುಂಚೆ ಚಿಕಾಗೋವಿನಲ್ಲಿ ತರುಣರ ಪಾದರಕ್ಷೆ ಕಳೆಸಿ ಎತ್ತರ ಅಳೆದು, ತೋಳು ಚಾಚಿಸಿ ಅಂಗುಲ ಎಣಿಸಿ, ಹಾರಿಸಿ, ಓಡಿಸಿ ಬರೆದುಕೊಳ್ಳುವುದನ್ನು ಕೇಳಿದವರಿಗೆ ಜಾತ್ರೆಯ ನೆನಪಾಗದಿರದು. ನನ್ನ ದೂರು ಅವರು ಅಳೆಯುತ್ತಾರೆಂಬುದಲ್ಲ. ನಡೆಸಿ ನೋಡುವ ಕೆಲಸವನ್ನು ಜಾತ್ರೆಯ ರೈತನಷ್ಟು ಸಾವಧಾನವಾಗಿ ಎಲ್ಲರೂ ಮಾಡುವುದಿಲ್ಲವೆಂಬುದು.

ನಾನು ಆ ಚಳಿಗಾಲದಲ್ಲಿ ಈಡಿಯನ್ನು ನೋಡಿದ್ದು ಹೀಗೆ. ಚೆಂಡು ಅವನ ಕೈಗೆ ಬಂದ ಮೇಲಿನದನ್ನು ಬಿಟ್ಟು, ಬರುವುದಕ್ಕೆ ಮುಂಚಿನದನ್ನು ನೋಡಿದೆನು. ಎದುರಾಳಿಯನ್ನು ಬೆನ್ನಿನಿಂದ ಒತ್ತಿ, ತನಗೆ ಬೇಕಾದ ಎರಡು ಗೇಣು ನೆಲವನ್ನು ಮೊದಲೇ ಹಿಡಿದುಕೊಳ್ಳುತ್ತಿದ್ದನು. ಅಂಕವು ಲೆಕ್ಕಕ್ಕೆ ಬರುವುದು ಬಳೆಯಲ್ಲಾದರೂ ಹುಟ್ಟುತ್ತಿದ್ದುದು ಆ ನೆಲದಲ್ಲಿ. ಇಬ್ಬರು ಬಂದು ಸುತ್ತಿದಾಗ ಏನು ಮಾಡುತ್ತಾನೆಂದು ನೋಡಿದೆನು. ಗಾಬರಿಯಾಗದೆ ಚೆಂಡನ್ನು ತಲೆಯ ಮೇಲೆಯೇ ಇಟ್ಟುಕೊಂಡು, ಒಂಟಿಯಾಗಿ ಉಳಿದ ಜೊತೆಗಾರನನ್ನು ಹುಡುಕಿ ಕೊಡುತ್ತಿದ್ದನು. ಹದಿನೈದು ಅಡಿ ದೂರದಿಂದ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋಗಳನ್ನು ನೋಡಿದೆನು. ಅಲ್ಲಿ ಎತ್ತರದಿಂದ ಏನೂ ಪ್ರಯೋಜನವಿಲ್ಲ, ಕೈಯ ಶಿಕ್ಷಣವೊಂದೇ ಗತಿ. ಹತ್ತರಲ್ಲಿ ಏಳು ಒಳಗೆ ಬೀಳುತ್ತಿದ್ದವು. ಇವೆಲ್ಲಕ್ಕಿಂತ ಹೆಚ್ಚಾಗಿ, ಪಂದ್ಯದ ಕೊನೆಯ ಐದು ನಿಮಿಷಗಳಲ್ಲಿ ಅವನು ಅಂಕಣದ ಈ ತುದಿಯಿಂದ ಆ ತುದಿಗೆ ಹೇಗೆ ಓಡುತ್ತಾನೆಂಬುದನ್ನು ನೋಡಿದೆನು. ಓಟವೇನೂ ಸುಂದರವಾಗಿರಲಿಲ್ಲ; ಆದರೆ ನಿಲ್ಲುತ್ತಿರಲಿಲ್ಲ.

ಆಮೇಲೆ ಗಣಿತದವನ ಅಭ್ಯಾಸದಂತೆ ಲೆಕ್ಕದ ಪುಸ್ತಕವನ್ನು ತೆರೆದೆನು. ಮೊದಲನೆಯ ವರ್ಷ ಪಂದ್ಯಕ್ಕೆ ಸರಾಸರಿ 8.7 ಅಂಕ; ಎರಡನೆಯ ವರ್ಷ 14.4, ಮೂರನೆಯ ವರ್ಷ 22.3; ನಾಲ್ಕನೆಯ ವರ್ಷ 25.2. ಈ ನಾಲ್ಕು ವರ್ಷಗಳಲ್ಲಿ ಅವನ ಎತ್ತರವು ಎಷ್ಟು ಬೆಳೆಯಿತು? ಬೆಳೆಯಲೇ ಇಲ್ಲ. ಸೇರಿದ ದಿನವೂ ಏಳಡಿ ನಾಲ್ಕಂಗುಲ, ಬಿಟ್ಟ ದಿನವೂ ಅಷ್ಟೇ. ಬದಲಾಗದ ರಾಶಿಯು ಬದಲಾಗುವ ಫಲಕ್ಕೆ ಕಾರಣವಾಗಲಾರದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅಳಿಯಂದಿರು ಕೂಡಲೇ, “ಮೊದಲ ವರ್ಷ ಹದಿನೈದು ನಿಮಿಷ ಆಡಿಸುತ್ತಿದ್ದರು, ಈಗ ಮೂವತ್ತೆರಡು, ಅಂಕ ಹೆಚ್ಚದೆ ಇರುತ್ತದೆಯೆ?” ಎಂದರು. ಒಳ್ಳೆಯ ಪ್ರಶ್ನೆ. ನಿಮಿಷಕ್ಕೆ ಭಾಗಿಸಿ ನೋಡಿದರೂ ಸುಮಾರು ಮೂರನೆಯ ಒಂದು ಪಾಲು ಹೆಚ್ಚಾಗಿತ್ತು. ಅದಲ್ಲದೆ ಹದಿನೈದು ನಿಮಿಷ ಓಡಬಲ್ಲ ಮುನ್ನೂರು ಪೌಂಡಿನ ದೇಹವನ್ನು ಮೂವತ್ತೆರಡು ನಿಮಿಷ ಓಡುವಂತೆ ಮಾಡಿದ್ದೇ ಒಂದು ವಿದ್ಯೆ. ಅದು ಹುಟ್ಟಿನಿಂದ ಬಂದದ್ದಲ್ಲ.

ಈ ಬೆಳವಣಿಗೆಯ ನಡುವೆ ಒಂದು ಅವಮಾನವೂ ಉಂಟು. 2023ರ ಮಾರ್ಚಿನಲ್ಲಿ, ನಾವು ಅಲ್ಲಿಗೆ ಹೋಗುವುದಕ್ಕೆ ಮುಂಚೆ, ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ ಪರ್ಡ್ಯೂ ತಂಡವು ಫೇರ್‌ಲೀ ಡಿಕಿನ್ಸನ್ ಎಂಬ ತಂಡಕ್ಕೆ 63-58ರಲ್ಲಿ ಸೋತಿತು. ಒಂದನೆಯ ಶ್ರೇಯಾಂಕದವರು ಹದಿನಾರನೆಯವರಿಗೆ ಸೋತದ್ದು ಪುರುಷರ ಪಂದ್ಯಾವಳಿಯಲ್ಲಿ ಅದು ಎರಡನೆಯ ಸಲ. ಗೆದ್ದವರು ಆ ವರ್ಷ ಮೊದಲ ದರ್ಜೆಯ ಕಾಲೇಜು ತಂಡಗಳಲ್ಲೆಲ್ಲ ಅತ್ಯಂತ ಕುಳ್ಳರಾಗಿದ್ದವರು. ವಾಮನನು ತ್ರಿವಿಕ್ರಮನಾದ ಕಥೆ ನಮಗೆ ಪ್ರಿಯ; ಅಲ್ಲಿಯವರಿಗೂ ಹಾಗೆಯೇ ಆಯಿತು. ಬಲಿಯ ಸ್ಥಾನದಲ್ಲಿದ್ದ ಹುಡುಗನನ್ನು ಯಾರೂ ನೆನೆಯಲಿಲ್ಲ. ಅವನು ಅಂದು 21 ಅಂಕ, 15 ರೀಬೌಂಡು ಗಳಿಸಿದ್ದನು. ದೇಶವೆಲ್ಲ ನಕ್ಕ ಮೇಲೆ ಅದೇ ಅಂಕಣಕ್ಕೆ ಮರಳಿ ಇನ್ನೊಂದು ವರ್ಷ ಆಡಿದ್ದನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ನನಗೆ ತಿಳಿಯದು. ಬರೆಯತಕ್ಕದ್ದೆಂಬುದು ಮಾತ್ರ ನಿಶ್ಚಯ.

ಮರುವರ್ಷ ಅದೇ ಪಂದ್ಯಾವಳಿಯಲ್ಲಿ ಟೆನೆಸಿಯ ಮೇಲೆ 40 ಅಂಕ ಗಳಿಸಿ ಅವನು ತನ್ನ ತಂಡವನ್ನು ಮುಂದಕ್ಕೆ ಒಯ್ದನು. 1969ರ ತರುವಾಯ ಪರ್ಡ್ಯೂ ಮೊದಲ ಬಾರಿಗೆ ಅಂತಿಮ ಪಂದ್ಯವನ್ನು ಮುಟ್ಟಿತು. ಅದು 2024ರ ಏಪ್ರಿಲ್ 8ನೆಯ ತಾರೀಖು, ಸೋಮವಾರ. ಅಂದು ಮಧ್ಯಾಹ್ನ ಇಂಡಿಯಾನಾಪೊಲಿಸ್ ನಗರದ ಮೇಲೆ ಖಗ್ರಾಸ ಸೂರ್ಯಗ್ರಹಣವೂ ಆಗಿತ್ತು. ನಮ್ಮ ಮನೆಯವರು ಮೋಕ್ಷವಾಗುವವರೆಗೆ ಒಲೆ ಹೊತ್ತಿಸದೆ, ಆಮೇಲೆ ಸ್ನಾನ ಮಾಡಿ ಅಡಿಗೆಗೆ ಇಟ್ಟರು. ರಾತ್ರಿ ಊಟದ ತಟ್ಟೆ ಹಿಡಿದುಕೊಂಡೇ ಎಲ್ಲರೂ ದೂರದರ್ಶನದ ಮುಂದೆ ಕುಳಿತೆವು. ಎದುರಿಗೆ ಕನೆಕ್ಟಿಕಟ್ ತಂಡ. ಅದರಲ್ಲಿ ಏಳಡಿ ಎರಡಂಗುಲದ ಡೊನೊವನ್ ಕ್ಲಿಂಗನ್. “ಎದುರಾಳಿಗಳು ಕುಳ್ಳರು” ಎಂಬ ಆಕ್ಷೇಪಕ್ಕೆ ಅಂದು ಎಡೆಯಿರಲಿಲ್ಲ. ಈಡಿ 37 ಅಂಕ ಗಳಿಸಿದನು. ಪರ್ಡ್ಯೂ 75-60ರಲ್ಲಿ ಸೋತಿತು.

ಈ ಎರಡು ವಾಕ್ಯಗಳೂ ಒಂದೇ ಪಂದ್ಯದವಾದುದರಿಂದ ಇದನ್ನು ಸ್ವಲ್ಪ ವಿವರಿಸಬೇಕು. ಕನೆಕ್ಟಿಕಟ್ಟಿನವರು ಈಡಿಯ ಮೇಲೆ ಒಬ್ಬನನ್ನೇ ಬಿಟ್ಟು, ಉಳಿದವರನ್ನು ಪರ್ಡ್ಯೂವಿನ ಎಸೆಗಾರರಿಗೆ ಅಂಟಿಸಿದರು. ಆ ವರ್ಷ ಮೂರಂಕದ ಎಸೆತದಲ್ಲಿ ಹೆಸರಾಗಿದ್ದ ತಂಡಕ್ಕೆ ಇಡೀ ಪಂದ್ಯದಲ್ಲಿ ಅಂಥ ಏಳು ಎಸೆತಗಳು ಮಾತ್ರ ಸಿಕ್ಕಿದವು. ಒಳಗೆ ಬಿದ್ದದ್ದು ಒಂದು. ಅವರ ಗಾರ್ಡುಗಳಾದರೋ ತೆರೆಯ ಮರೆಯಿಂದ ಹೊರಬಂದು, ಬಳೆಯ ಬಳಿ ಕಾದುನಿಂತ ಈಡಿಯ ಕೈಗೆ ಎಟುಕದಷ್ಟು ದೂರದಿಂದಲೇ ಚೆಂಡನ್ನು ತೇಲಿಬಿಡುತ್ತಿದ್ದರು. ಅವನು ಏನು ಕಲಿತಿದ್ದನೆಂಬುದೂ, ಏನು ಕಲಿಯಬೇಕಾಗಿದೆಯೆಂಬುದೂ ಒಂದೇ ರಾತ್ರಿಯಲ್ಲಿ ಒಟ್ಟಿಗೆ ಕಂಡವು. ನಾನು ಅಳಿಯಂದಿರಿಗೆ ನನ್ನ ಅಭಿಪ್ರಾಯವನ್ನು ಹೇಳಿದೆನು: “ದೊಡ್ಡ ಆಟದಲ್ಲಿ ಇವನು ತಂಡದ ನಾಯಕನಂತೆ ಇಪ್ಪತ್ತೈದು ಅಂಕ ಗಳಿಸಲಾರ. ಆದರೆ ಇಪ್ಪತ್ತು ನಿಮಿಷ ಆಡಿ ಯಾವ ತಂಡಕ್ಕಾದರೂ ಉಪಯೋಗಕ್ಕೆ ಬರುತ್ತಾನೆ. ಆ ಇಪ್ಪತ್ತು ಮೂವತ್ತಾಗುವುದೋ ಇಲ್ಲವೋ, ಅದನ್ನು ಅವನ ಕಾಲು ಹೇಳಬೇಕು.”

ಕಾಲಿನ ಮಾತನ್ನು ನಾನು ಸುಮ್ಮನೆ ಆಡಲಿಲ್ಲ. ಎತ್ತರದವರ ಚರಿತ್ರೆಯಲ್ಲಿ ಅತ್ಯಂತ ದುಃಖದ ಅಧ್ಯಾಯವೆಂದರೆ ಮೂಳೆಗಳದು. ಕೆಂಟಕಿಯ ಸ್ಯಾಮ್ ಬೋವಿ ಎಂಬ ಏಳಡಿ ಒಂದಂಗುಲದ ತರುಣನು ಮೊಳಕಾಲಿನ ಮೂಳೆಯ ಬಿರುಕಿನಿಂದ ಕಾಲೇಜಿನಲ್ಲಿಯೇ ಎರಡು ವರ್ಷ ಕಳೆದುಕೊಂಡವನು. 1984ರಲ್ಲಿ ಪೋರ್ಟ್‌ಲೆಂಡ್ ತಂಡದವರು ಅವನನ್ನು ಎರಡನೆಯವನಾಗಿ ಆರಿಸಿದರು. ಮೂರನೆಯವನಾಗಿ ಚಿಕಾಗೋಗೆ ಹೋದವನು ಮೈಕೆಲ್ ಜೋರ್ಡನ್. ಬೋವಿ ಮತ್ತೆ ಮತ್ತೆ ಕಾಲು ಮುರಿದುಕೊಂಡೂ ಹತ್ತು ಋತುಗಳು ಆಡಿದನು. ಲೋಕ ಅವನನ್ನು ನೆನೆಯುವುದು ಮಾತ್ರ ಜೋರ್ಡನ್ನನ ಹೆಸರಿನೊಡನೆ, ಅಪಹಾಸ್ಯವಾಗಿ. 2007ರಲ್ಲಿ ಅದೇ ಪೋರ್ಟ್‌ಲೆಂಡ್ ಓಹಾಯೋದ ಗ್ರೆಗ್ ಓಡನ್ನನನ್ನು ಮೊದಲನೆಯವನಾಗಿ ಆರಿಸಿತು. ಮಣಿಕಟ್ಟಿನ ಗಾಯದಿಂದ ಎಡಗೈಯಲ್ಲಿ ಫ್ರೀ ಥ್ರೋ ಎಸೆಯುತ್ತ ಕಾಲೇಜು ಆಟ ಆರಂಭಿಸಿ, ಅಂತಿಮ ಪಂದ್ಯದಲ್ಲಿ 25 ಅಂಕ ಗಳಿಸಿದ ಹುಡುಗ ಅವನು. ಎರಡನೆಯವನಾಗಿ ಹೋದವನು ಕೆವಿನ್ ಡುರಾಂಟ್. ಓಡನ್ ಮೊದಲ ಪಂದ್ಯಕ್ಕೆ ಮುಂಚೆಯೇ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾದನು, ಎನ್.ಬಿ.ಎ.ಯಲ್ಲಿ ಒಟ್ಟು ಆಡಿದ್ದು 105 ಪಂದ್ಯಗಳು. ಮೂರು ಬಾರಿ ನೈಸ್ಮಿತ್ ಪ್ರಶಸ್ತಿ ಪಡೆದ ಸ್ಯಾಂಪ್ಸನ್ನನೂ ಏಳಡಿ ನಾಲ್ಕಂಗುಲದವನೇ. ಅವನನ್ನು ಸೋಲಿಸಿದ್ದೂ ಮೊಣಕಾಲೇ. ಇವರಲ್ಲಿ ಯಾರೂ ಆಟ ಬಾರದವರಲ್ಲ. ಬೋವಿಯ ಮೂಳೆಯಾದರೋ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಓಡನ್ನನನ್ನು ಅವನು ಇಪ್ಪತ್ತು ತುಂಬುವ ಮುನ್ನ ಕಾಲೇಜಿನಲ್ಲಿ ನೋಡಿದವರು, ಮುಂದೆ ಆ ಮೊಣಕಾಲು ಮುರಿದುಬೀಳುವುದೆಂದು ಅವನ ಆಟದಿಂದ ಓದಿಕೊಳ್ಳುವುದು ಹೇಗೆ? ಮೂಳೆ ಮುರಿದದ್ದು ಬುದ್ಧಿಯ ಸೋಲೂ ಅಲ್ಲ, ಶೀಲದ ಸೋಲೂ ಅಲ್ಲ. ಆದರೂ ಪತ್ರಿಕೆಗಳು ಅವರಿಗೆ ಕೊಟ್ಟ ಹೆಸರು “ವಿಫಲರು” ಎಂದೇ.

2024ರ ಜೂನಿನಲ್ಲಿ ಡ್ರಾಫ್ಟ್ ನಡೆಯಿತು. ಆಗ ನಾವು ಊರಿಗೆ ಮರಳಿದ್ದೆವು. ಅಳಿಯಂದಿರು ದೂರವಾಣಿಯಲ್ಲಿ ವಿಷಯ ತಿಳಿಸಿದರು. ಕ್ಲಿಂಗನ್ ಏಳನೆಯವನಾಗಿ ಪೋರ್ಟ್‌ಲೆಂಡಿಗೆ, ಈಡಿ ಒಂಬತ್ತನೆಯವನಾಗಿ ಮೆಂಫಿಸಿಗೆ. ಮೊದಲ ಋತುವಿನಲ್ಲಿ ಈಡಿ 66 ಪಂದ್ಯಗಳಲ್ಲಿ, ಪಂದ್ಯಕ್ಕೆ ಇಪ್ಪತ್ತೊಂದು ನಿಮಿಷದಷ್ಟು ಆಡಿ, ಸರಾಸರಿ 9.2 ಅಂಕ, 8.3 ರೀಬೌಂಡು ಗಳಿಸಿದನು; ಹೊಸಬರಲ್ಲಿ ಉತ್ತಮರಾದ ಐವರ ಪಟ್ಟಿಯಲ್ಲಿ ಅವನ ಹೆಸರು ಬಂದಿತು. ಕಾಲೇಜಿನ ನಾಲ್ಕು ವರ್ಷಗಳಲ್ಲಿ ಪ್ರಯತ್ನಿಸಿದ್ದೇ ಅಪರೂಪವಾಗಿದ್ದ ಮೂರಂಕದ ಎಸೆತವನ್ನು ಅಲ್ಲಿ ಆಗಾಗ ಎಸೆದನು. ಮೂರರಲ್ಲಿ ಒಂದರಂತೆ ಬಿದ್ದಿತು. 2025ರ ಬೇಸಿಗೆಯಲ್ಲಿ ಕಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಸುದ್ದಿಯನ್ನು ಓದಿದಾಗ ನನ್ನ ಅಭಿಪ್ರಾಯದ ಕೊನೆಯ ವಾಕ್ಯವು ನನಗೇ ಕಹಿಯೆನಿಸಿತು. ಅವನ ಕಥೆಯು ಮುಗಿಯಿತೆಂದು ಹೇಳುವವನು ನಾನಲ್ಲ. ಅವನ ವಯಸ್ಸು ಆಗಿನ್ನೂ ಇಪ್ಪತ್ತಮೂರು.

ಈ ತರುಣನನ್ನು ಒಂದು ಚಳಿಗಾಲವೆಲ್ಲ ನೋಡಿ ನಾನು ಕಂಡುಕೊಂಡದ್ದು ಇಷ್ಟು. ಯುವಕರನ್ನು ಅಳೆಯುವ ಪುಸ್ತಕದಲ್ಲಿ ಮೂರು ಕಾಲಮುಗಳಿರಬೇಕು. ಮೊದಲನೆಯದರಲ್ಲಿ ಕೊಟ್ಟದ್ದು: ಎತ್ತರ, ಶಾರೀರ, ತಂದೆಯ ಮನೆಯ ಪುಸ್ತಕಗಳು. ಎರಡನೆಯದರಲ್ಲಿ ಕಲಿತದ್ದು: ಕಳೆದ ವರ್ಷ ಬಾರದಿದ್ದು ಈ ವರ್ಷ ಬಂದದ್ದು. ಮೂರನೆಯದರಲ್ಲಿ ಯಾರ ಕೈಯಲ್ಲಿಯೂ ಇಲ್ಲದ್ದು: ಮೂಳೆ, ಕಾಲ, ಯಾವ ತಂಡಕ್ಕೆ ಬಿದ್ದನೆಂಬ ಅದೃಷ್ಟ. ನಾವು ಮೂರನ್ನೂ ಕೂಡಿಸಿ ಒಂದೇ ಮೊತ್ತವನ್ನು ಬರೆದು, ಅದನ್ನು ಹುಡುಗನ ಹಣೆಗೆ ಅಂಟಿಸುತ್ತೇವೆ. ತಂಡವನ್ನು ಕಟ್ಟಬೇಕಾದವರಿಗೆ ಮೊತ್ತ ಬೇಕು, ಅವರ ವ್ಯವಹಾರ ಅದು. ಹಣ ತೆರುವವರು ಅಳೆಯದೆ ಕೊಳ್ಳಲಾರರು. ಆದರೆ ಹೊಗಳಿಕೆಯೂ ದೂಷಣೆಯೂ ಎರಡನೆಯ ಕಾಲಮಿಗೆ ಮಾತ್ರ ಸಲ್ಲತಕ್ಕವು.

ಮೇ ತಿಂಗಳಲ್ಲಿ ಪರೀಕ್ಷೆಯ ಫಲಿತಾಂಶಗಳು ಬಂದಾಗ ನಮ್ಮ ಬೀದಿಯ ಮನೆಗಳಲ್ಲಿ ನಡೆಯುವ ಮಾತುಗಳನ್ನು ಈಗ ನಾನು ಬೇರೆ ಕಿವಿಯಿಂದ ಕೇಳುತ್ತೇನೆ. ಎಷ್ಟು ಬಂತೆಂದು ಎಲ್ಲರೂ ಕೇಳುತ್ತಾರೆ. ಹೋದ ವರ್ಷಕ್ಕಿಂತ ಏನು ಹೆಚ್ಚು ಕಲಿತೆಯೆಂದು ಕೇಳುವ ಒಬ್ಬ ಚಿಕ್ಕಪ್ಪನಾದರೂ, ಒಬ್ಬ ಸೋದರತ್ತೆಯಾದರೂ ಪ್ರತಿಯೊಂದು ಮನೆಯಲ್ಲಿ ಇದ್ದರೆ ಮಕ್ಕಳಿಗೆ ಬಹಳ ಉಪಕಾರವಾದೀತು.